ಒಳಲೆಯಿಂದ ಲೋಟಕ್ಕೆ: ಮಗುವಿನ ಆರೋಗ್ಯದ ಕುರಿತು ಓದುಗರ ಪ್ರಶ್ನೆಗಳಿಗೆ ವೈದ್ಯರ ಉತ್ತರ

ಪ್ರಶ್ನೆ: ನನ್ನ ಮಗಳಿಗೆ ಆರೂವರೆ ತಿಂಗಳು. ಹೆರಿಗೆ ರಜೆ ಮುಗಿಯುತ್ತಾ ಬಂದಿದ್ದು, ಮುಂದಿನ ತಿಂಗಳಿನಿಂದ ನಾನು ದಿನವೂ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿಬರಬೇಕಾಗಿದೆ. ಮಗು ಬಾಟಲಿಯನ್ನು ಬಾಯಿಗೆ ತಾಗಿಸಲೂ ಬಿಡುವುದಿಲ್ಲ. ನನ್ನ ಅತ್ತೆಯವರು ತಮ್ಮ ಮಕ್ಕಳನ್ನು ಸಾಕಿದ ಬೆಳ್ಳಿಯ ಒಳಲೆಯನ್ನು (ಶಿಶುವಿನ ಬಾಯಿಗೆ ಹಾಲು ಹಾಕುವ, ಮೂತಿಯುಳ್ಳ ಪುಟ್ಟ ಪಾತ್ರೆ) ತೆಗೆದಿಟ್ಟಿದ್ದಾರೆ. ಆದರೆ ಕಾಲ ಮೇಲೆ ಮಲಗಿಸಿಕೊಂಡು ಹಾಲು ಹಾಕಿದರೆ ಮಗುವಿಗೆ ನೆತ್ತಿಗೆ ಹತ್ತಿ, ಅತ್ತು ರಂಪ ಮಾಡುತ್ತಾಳೆ. ಇಷ್ಟು ಚಿಕ್ಕ ಮಗುವಿಗೆ ಲೋಟದಲ್ಲಿ ಕುಡಿಯಲು ಕಲಿಸಬಹುದೇ?
— ಓದುಗರೊಬ್ಬರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಖಂಡಿತವಾಗಿ ಕಲಿಸಬಹುದು, ಆರು ತಿಂಗಳು ತುಂಬಿ ಮೇಲಿನ ಆಹಾರ ಆರಂಭವಾಗುವ ಹೊತ್ತೇ ಅದಕ್ಕೆ ಸರಿಯಾದ ಕಾಲ. ಬಾಟಲಿಯನ್ನು ಒಲ್ಲೆನೆನ್ನುವ ಮಗುವಿನ ಬಗ್ಗೆ ತಾಯಂದಿರು ಚಿಂತಿಸುತ್ತಾರೆ, ಆದರೆ ಒಂದು ವರ್ಷದ ನಂತರ ಅದನ್ನು ಬಿಡಿಸಲು ಪಡಬೇಕಾದ ಪಾಡು ನಿಮಗೆ ತಪ್ಪಿತೆಂದೇ ನಾನು ಹೇಳುತ್ತೇನೆ.

ಮೊದಲು ಒಳಲೆಯ ಮಾತು. ಅದನ್ನು ದೂರುವಂತಿಲ್ಲ. ಅವಧಿಗೆ ಮುನ್ನ ಹುಟ್ಟಿ, ಚೀಪಲು ಶಕ್ತಿಯಿಲ್ಲದ ಶಿಶುಗಳಿಗೆ ಆಸ್ಪತ್ರೆಗಳಲ್ಲಿ ಇಂದಿಗೂ ಅಂಥದ್ದೇ ಪಾತ್ರೆಯಲ್ಲಿ ತಾಯಿಹಾಲು ಕೊಡುತ್ತಾರೆ. ತೊಡಕಿರುವುದು ಕುಡಿಸುವ ರೀತಿಯಲ್ಲಿ. ಮಗುವನ್ನು ಅಂಗಾತ ಮಲಗಿಸಿ, ಕೆನ್ನೆ ಒತ್ತಿ, ಅಳುವಾಗ ಬಾಯಿ ತೆರೆಯುತ್ತದೆಂದು ಅದೇ ಸಮಯ ನೋಡಿ ಹಾಲು ಸುರಿದರೆ, ಅಳುವಿನ ನಡುವೆ ಎಳೆದುಕೊಂಡ ಉಸಿರಿನ ಜೊತೆಗೆ ಹಾಲು ಶ್ವಾಸನಾಳಕ್ಕೆ ಇಳಿಯಬಹುದು. ಕಷಾಯ, ಎಣ್ಣೆ, ತುಪ್ಪಗಳನ್ನು ಹೀಗೆ ಹಾಕುವುದು ಇನ್ನೂ ಅಪಾಯಕರ, ಏಕೆಂದರೆ ಜಿಡ್ಡು ಕೆಮ್ಮು ಬರಿಸದೆಯೇ ಶ್ವಾಸಕೋಶವನ್ನು ಸೇರಬಲ್ಲದು. ಅತ್ತೆಯವರಿಗೆ ಒಳಲೆ ಬೇಡವೆನ್ನುವ ಅಗತ್ಯವಿಲ್ಲ. ಮಗುವನ್ನು ಕೂರಿಸಿಕೊಳ್ಳಿ, ಸುರಿಯಬೇಡಿ ಎಂಬ ಎರಡು ಮಾತು ಸಾಕು.

ಮೊಲೆ ಕುಡಿಯುವಾಗ ಮಗುವಿನ ನಾಲಿಗೆ ಮುಂದೆ ಚಾಚಿ ಅಲೆಯಂತೆ ಚಲಿಸುತ್ತದೆ. ಲೋಟದಲ್ಲಿ ಕುಡಿಯುವುದು ಬೇರೆಯೇ ವಿದ್ಯೆ: ದವಡೆ ಅಲುಗದೆ ನಿಲ್ಲಬೇಕು, ಕೆಳತುಟಿ ಲೋಟದ ಅಂಚನ್ನು ಹೊತ್ತುಕೊಳ್ಳಬೇಕು, ನಾಲಿಗೆ ಹಿಂದೆ ಸರಿದು ಗುಟುಕನ್ನು ಬರಮಾಡಿಕೊಳ್ಳಬೇಕು. ಇದು ಕೂಡಿಬರಲು ವಾರಗಟ್ಟಲೆ ಹಿಡಿಯುತ್ತದೆ. ಅಲ್ಲಿಯವರೆಗೆ ಮಗು ಅಂಚನ್ನು ವಸಡಿನಲ್ಲಿ ಕಚ್ಚುತ್ತದೆ, ನಾಲಿಗೆಯನ್ನು ಒಳಗೆ ಹಾಕಿ ನೆಕ್ಕುತ್ತದೆ, ಅರ್ಧ ಹಾಲು ಗಲ್ಲದಿಂದಿಳಿದು ಜೊಲ್ಲುಬಟ್ಟೆಯನ್ನು ಸೇರುತ್ತದೆ.

ಇದಕ್ಕೆಂದು ಏನನ್ನೂ ಕೊಳ್ಳಬೇಕಿಲ್ಲ. ಪಾನಕ ಕೊಡುವಂತಹ ಪುಟ್ಟ ಸ್ಟೀಲ್ ಲೋಟ ಸಾಕು. ಅಂಚನ್ನು ಬೆರಳಿನಿಂದ ಸುತ್ತ ಸವರಿ, ಹರಿತವಿಲ್ಲದೆ ಮಡಚಿ ನಯವಾಗಿದೆಯೇ ನೋಡಿಕೊಳ್ಳಿ. ಕಲಾಯಿಯಿಲ್ಲದ ಹಿತ್ತಾಳೆ, ತಾಮ್ರದ ಲೋಟಗಳು ಬೇಡ. ಚೆಲ್ಲುತ್ತದೆಂದು ಹೆಚ್ಚಿನವರು ತಳದಲ್ಲಿ ಒಂದೆರಡು ಚಮಚ ಮಾತ್ರ ಹಾಕುತ್ತಾರೆ. ಹಾಗೆ ಮಾಡಿದರೆ ಹಾಲು ತುಟಿಗೆ ಬರುವಷ್ಟರಲ್ಲಿ ಲೋಟ ಪೂರ್ತಿ ಓರೆಯಾಗಿ, ಮಗುವಿನ ತಲೆ ಹಿಂದಕ್ಕೆ ಬಾಗಿ, ಇದ್ದುದೆಲ್ಲ ಒಮ್ಮೆಲೇ ಗಂಟಲಿಗೆ ಬೀಳುತ್ತದೆ. ಪುಟ್ಟ ಲೋಟದಲ್ಲಿ ಅರ್ಧಕ್ಕಿಂತ ಹೆಚ್ಚೇ ಇರಲಿ. ಮಗುವನ್ನು ಮಡಿಲಲ್ಲಿ ನೆಟ್ಟಗೆ ಕೂರಿಸಿ, ಅಂಚನ್ನು ಕೆಳತುಟಿಯ ಮೇಲೆ ಹಗುರವಾಗಿ ಇಟ್ಟು, ಹಾಲು ತುಟಿಯನ್ನು ತಾಗುವಷ್ಟೇ ಓರೆ ಮಾಡಿ ಹಾಗೆಯೇ ಹಿಡಿದಿರಿ. ಮುಂದಿನ ಕೆಲಸ ಮಗುವಿನದು. ಅದು ಒಂದು ಗುಟುಕು ಎಳೆದು, ನುಂಗಿ, ಉಸಿರಾಡಿ, ಮತ್ತೆ ಬಾಯಿ ಚಾಚುವವರೆಗೆ ಕಾಯಬೇಕು. ಕಾಯಲಾರದ ಕೈ ಲೋಟ ಹಿಡಿಯದಿರುವುದೇ ಒಳ್ಳೆಯದು. ಲೋಟವನ್ನು ಹಿಡಿಯಲು ಬಂದರೆ ಅದರ ಕೈಯನ್ನು ತಳ್ಳಬೇಡಿ.

ಮಗು ನಿದ್ದೆ ಮುಗಿಸಿ ಗೆಲುವಾಗಿರುವ, ಆದರೆ ಹಸಿದು ಕಂಗಾಲಾಗಿರದ ಹೊತ್ತನ್ನು ಆರಿಸಿಕೊಳ್ಳಿ. ಮೊದಲ ದಿನಗಳಲ್ಲಿ ನೀವೇ ಹಿಂಡಿದ ಎದೆಹಾಲು, ಊಟದ ಜೊತೆಗೆ ಒಂದೆರಡು ಗುಟುಕು ಕುದಿಸಿ ಆರಿಸಿದ ನೀರು ಸಾಕು. ಗುಡ್ಡದಿಂದ ಹರಿದುಬರುವ ಅಬ್ಬಿಯ ನೀರು ಎಷ್ಟೇ ತಿಳಿಯಾಗಿ ಕಂಡರೂ, ವಿಶೇಷವಾಗಿ ಮಳೆಗಾಲದಲ್ಲಿ, ಕುದಿಸದೆ ಕೊಡಬಾರದು. ನೀರು ಬೇಗ ಹರಿಯುವುದರಿಂದ ಕೆಮ್ಮು ಬರುತ್ತಿದ್ದರೆ ಉಪ್ಪಿಲ್ಲದ, ತುಸು ಮಂದವಾದ ಗಂಜಿಯಿಂದ ಅಭ್ಯಾಸ ಮಾಡಿಸಿ. ಅದು ನಿಧಾನವಾಗಿ ಜಾರುತ್ತದೆ. ರುಚಿಗೆಂದು ಸಕ್ಕರೆ, ಬೆಲ್ಲ ಸೇರಿಸುವುದು ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ಕೊಡಲೇಬಾರದು.

ಹಿಂಡಿದ ಹಾಲು 25 ಡಿಗ್ರಿ ಸೆಲ್ಸಿಯಸ್‌ವರೆಗಿನ ತಂಪಿನಲ್ಲಿ 4 ಗಂಟೆ, ಫ್ರಿಜ್‌ನಲ್ಲಿ 4 ದಿನ ಕೆಡದೆ ಉಳಿಯುತ್ತದೆ. ನಮ್ಮಲ್ಲಿ ಆಷಾಢದ ಗಾಳಿಗೆ ಮರ ಬಿದ್ದು ಕರೆಂಟ್ ಹೋದರೆ ಎಂದು ಬರುತ್ತದೆಂಬ ಭರವಸೆಯಿಲ್ಲವಾದ್ದರಿಂದ, ಆ ದಿನಗಳಲ್ಲಿ ಫ್ರಿಜ್ ನಂಬಿ ಕೂರಬೇಡಿ. ಹಾಲನ್ನು ಒಲೆಯ ಮೇಲಿಡದೆ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಬೆಚ್ಚಗಾಗಿಸಬೇಕು. ಮಗುವಿನ ಬಾಯಿ ತಾಗಿ ಉಳಿದ ಹಾಲನ್ನು 2 ಗಂಟೆಯೊಳಗೆ ಮುಗಿಸಬೇಕು, ಇಲ್ಲವೇ ಚೆಲ್ಲಬೇಕು. ನೀವಿಲ್ಲದ ಹಗಲಿನಲ್ಲಿ ಮಗು ಸ್ವಲ್ಪವೇ ಕುಡಿದು, ನೀವು ಬಂದ ಮೇಲೆ ರಾತ್ರಿಯೆಲ್ಲ ಎದೆಗೆ ಅಂಟಿಕೊಂಡಿರಬಹುದು. ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದು, ತೂಕ ಏರುತ್ತಿದ್ದರೆ ಆತಂಕ ಬೇಡ.

ಕಲಿಯುವಾಗ ಆಗೊಮ್ಮೆ ಈಗೊಮ್ಮೆ ನೆತ್ತಿಗೆ ಹತ್ತುವುದು ಸಹಜ. ಆಗ ಲೋಟ ತೆಗೆದು ಮಗುವನ್ನು ಮುಂದಕ್ಕೆ ಬಾಗಿಸಿ. ಆದರೆ ಪ್ರತಿ ಸಲವೂ ಕೆಮ್ಮು ಬರುವುದು, ಕುಡಿದ ಮೇಲೆ ದನಿ ಗೊರಗೊರ ಎನ್ನುವುದು, ಪದೇ ಪದೇ ಕಫ ಕಟ್ಟುವುದು ಇದ್ದರೆ ನುಂಗುವಿಕೆಯಲ್ಲೇ ದೋಷವಿರಬಹುದು. ಮಕ್ಕಳ ವೈದ್ಯರಿಗೆ ತೋರಿಸಿ. ತುಟಿ ನೀಲಿಗಟ್ಟಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪ್ರಶ್ನೆ: ನನ್ನ ಮೊಮ್ಮಗನಿಗೆ ಒಂದು ವರ್ಷ ನಾಲ್ಕು ತಿಂಗಳು. ಹಾಲಿನ ಬಾಟಲಿ ಬಾಯಲ್ಲಿಲ್ಲದೆ ನಿದ್ದೆ ಬರುವುದಿಲ್ಲ. ಮೇಲಿನ ಮುಂದಿನ ಹಲ್ಲುಗಳ ಬುಡದಲ್ಲಿ ಸುಣ್ಣದಂತೆ ಬಿಳಿ ಗೆರೆ ಕಾಣುತ್ತಿದೆ.
— ಓದುಗರೊಬ್ಬರು, ಸಾಗರ

ಉತ್ತರ: ಆ ಬಿಳಿ ಗೆರೆ ಹುಳುಕಿನ ಮೊದಲ ಗುರುತಾಗಿರಬಹುದಾದ್ದರಿಂದ ದಂತವೈದ್ಯರಿಗೆ ಬೇಗ ತೋರಿಸಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗಿ, ಹಾಲು ಮೇಲಿನ ಹಲ್ಲುಗಳ ಸುತ್ತ ನಿಲ್ಲುತ್ತದೆ. ಕೆಳಗಿನವನ್ನು ನಾಲಿಗೆ ಮುಚ್ಚಿ ಕಾಪಾಡುತ್ತದೆ. ಮೊದಲು ಹಗಲಿನ ಬಾಟಲಿಗಳನ್ನು ಒಂದೊಂದಾಗಿ ಲೋಟಕ್ಕೆ ಬದಲಿಸಿ, ರಾತ್ರಿಯದನ್ನು ಕೊನೆಗೆ ಬಿಡಿಸಿ. ಹಾಲನ್ನು ಮಲಗುವ ಮುಂಚೆ ಲೋಟದಲ್ಲಿ ಕುಡಿಸಿ, ಹಲ್ಲುಜ್ಜಿಸಿ. ಬಾಟಲಿಗೇ ಹಟ ಹಿಡಿದರೆ ಅದರಲ್ಲಿ ಬರೀ ನೀರಿರಲಿ. ಮೂರ್ನಾಲ್ಕು ರಾತ್ರಿ ಮನೆಯವರೆಲ್ಲ ನಿದ್ದೆಗೆಡುವುದು ಖಚಿತ. ಆಗ ಅಜ್ಜಿಯ ಮನಸ್ಸು ಕರಗುವುದನ್ನೂ ನಾನು ಬಲ್ಲೆ. ದಿನಕ್ಕೆ ಅರ್ಧ ಲೀಟರಿಗಿಂತ ಹೆಚ್ಚು ಹಾಲು ಬೇಡ, ಏಕೆಂದರೆ ಹಾಲಿನಲ್ಲೇ ಹೊಟ್ಟೆ ತುಂಬಿದ ಮಗು ಅನ್ನ, ಸೊಪ್ಪು, ಕಾಳು ತಿನ್ನದೆ ರಕ್ತಹೀನತೆಗೆ ಒಳಗಾಗುತ್ತದೆ. ಹಾಲೂಡುವ ಬಾಟಲಿಗಳ ಜಾಹೀರಾತನ್ನು ನಮ್ಮ ದೇಶದಲ್ಲಿ 1992ರ ಕಾಯ್ದೆಯೇ ನಿಷೇಧಿಸಿದೆ. ಆದರೂ ಬಾಣಂತಿಯನ್ನು ನೋಡಲು ಬರುವವರ ಕೈಯಲ್ಲಿ ಉಡುಗೊರೆಯಾಗಿ ಬರುವುದು ಹಲವೊಮ್ಮೆ ಬಾಟಲಿಯೇ.

ಪ್ರಶ್ನೆ: ಚೆಲ್ಲದ ಸಿಪ್ಪರ್ ತಂದಿದ್ದೇವೆ. ಲೋಟದ ಬದಲು ಅದು ಸಾಕಲ್ಲವೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅದನ್ನು ತಲೆಕೆಳಗು ಮಾಡಿ ನೋಡಿ. ಒಂದು ಹನಿಯೂ ಬೀಳದಿದ್ದರೆ ಒಳಗೆ ತಡೆಯ ರಬ್ಬರ್ ಇದೆಯೆಂದು ಅರ್ಥ. ಆಗ ಮಗು ಬಾಟಲಿಯಂತೆಯೇ ಚೀಪಬೇಕಾಗುತ್ತದೆಯೇ ಹೊರತು ಗುಟುಕರಿಸಲು ಕಲಿಯುವುದಿಲ್ಲ. ರಬ್ಬರ್ ತೆಗೆದು ಬಸ್ ಪ್ರಯಾಣಕ್ಕೆ ಇಟ್ಟುಕೊಳ್ಳಿ, ಮನೆಯಲ್ಲಿ ಲೋಟವೇ ಇರಲಿ. ಮೂತಿಯ ಸಂದಿಯನ್ನು ಬ್ರಷ್ ಹಾಕಿ ತೊಳೆದು ಪೂರ್ತಿ ಒಣಗಿಸದಿದ್ದರೆ ನಮ್ಮ ಮಳೆಗಾಲದಲ್ಲಿ ಎರಡೇ ದಿನಕ್ಕೆ ಅಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ.