‘ವಯಸ್ಸಾಯಿತಲ್ಲ’ ಎಂಬ ಮಾತನ್ನು ಹೊಡೆದುಹಾಕಿ

ಆತ್ಮೀಯರೇ,

ಸಕಲೇಶಪುರದಿಂದ ನೀವು ಕಳುಹಿಸಿದ, ಮುಪ್ಪು ಮತ್ತು ರಕ್ತನಾಳದ ಕಾಯಿಲೆ ಕುರಿತ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಪ್ರಕಟಿಸಲಾರೆ. ಆದರೆ ಮೂರನೆಯ ಪುಟದ ಆರು ಸಾಲುಗಳನ್ನು ಬಿಟ್ಟುಕೊಡಲು ಮನಸ್ಸಿಲ್ಲ.

ಅಲ್ಲಿ ನಿಮ್ಮ ತಂದೆ ಕಾಫಿ ಕಣದಿಂದ ತೋಟದ ಏರು ಹತ್ತುತ್ತಾರೆ. ಅರ್ಧ ದಾರಿಯಲ್ಲಿ ಸಿಲ್ವರ್ ಮರಕ್ಕೆ ಕೈಯೂರಿ, ಮೆಣಸಿನ ಬಳ್ಳಿ ನೋಡುವ ನೆಪದಲ್ಲಿ ನಿಲ್ಲುತ್ತಾರೆ. ಎದೆ ಹಿಡಿದಂತಾಗಿದ್ದು ಎರಡು ನಿಮಿಷಕ್ಕೆ ಸಡಿಲವಾಗುತ್ತದೆ, ಮತ್ತೆ ನಡೆಯುತ್ತಾರೆ. ಕೇಳಿದರೆ ‘ಗ್ಯಾಸ್ಟ್ರಿಕ್’ ಅನ್ನುತ್ತಾರೆ. ಇಷ್ಟು ಸೂಕ್ಷ್ಮವಾಗಿ ಕಂಡ ನೀವು ಮರುಸಾಲಿನಲ್ಲೇ ‘ವಯಸ್ಸಾಯಿತಲ್ಲ’ ಎಂದು ಬರೆದು ಮುಂದೆ ಹೋಗಿದ್ದೀರಿ. ಲೇಖನದಲ್ಲಿ ಆ ಮಾತು ಏಳು ಕಡೆ ಇದೆ. ಏಳನ್ನೂ ಹೊಡೆದುಹಾಕಿ.

ವಯಸ್ಸಿನ ಪಾತ್ರವಿಲ್ಲ ಎಂದಲ್ಲ. ನೀವು ಎರಡು ಸಂಗತಿಗಳನ್ನು ಕಲಸಿದ್ದೀರಿ. ನಾಳದ ಗೋಡೆ ಗಡುಸಾಗುವುದು ಒಂದು. ದಿನಕ್ಕೆ ಸುಮಾರು ಒಂದು ಲಕ್ಷ ಬಡಿತಗಳಿಗೆ ಹಿಗ್ಗಿ ಕುಗ್ಗಿ ಗೋಡೆಯ ಸ್ಥಿತಿಸ್ಥಾಪಕ ಎಳೆಗಳು ತುಂಡಾಗುತ್ತವೆ, ಬಿರುಸಾದ ನಾರು ಮತ್ತು ಕ್ಯಾಲ್ಸಿಯಂ ಸೇರಿಕೊಳ್ಳುತ್ತವೆ. ವಯಸ್ಸಾದವರಲ್ಲಿ ಬಿಪಿಯ ಮೇಲಿನ ಅಂಕಿ ಮಾತ್ರ ಏರಿರುವುದು ಹೆಚ್ಚಾಗಿ ಇದರಿಂದಲೇ. ಬಹುಮಟ್ಟಿಗೆ ಎಲ್ಲರಿಗೂ ಬರುವಂಥದ್ದು ಇದು.

ಇನ್ನೊಂದು, ಆ ಗೋಡೆಯೊಳಗೇ ಕೊಬ್ಬು ಕೂರುವುದು. ನಾಳವನ್ನು ನೀವು ‘ತುಕ್ಕು ಹಿಡಿದ ಪೈಪು’ ಎಂದು ಕರೆದದ್ದು ಇಲ್ಲಿ ಓದುಗರನ್ನು ದಾರಿ ತಪ್ಪಿಸುತ್ತದೆ. ಪೈಪಿನಲ್ಲಿ ಕೊಳೆ ಮೇಲ್ಮೈಗೆ ಅಂಟುತ್ತದೆ. ನಾಳದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಒಳಪದರ ದಾಟಿ ಗೋಡೆಗೆ ಇಳಿಯುತ್ತದೆ, ಅದನ್ನು ನುಂಗಲು ಬಂದ ಬಿಳಿ ರಕ್ತಕಣಗಳು ಅಲ್ಲೇ ಸತ್ತು ಗಡ್ಡೆ ಬೆಳೆಯುತ್ತದೆ. ನಾಳದ ಅರ್ಧ ದಾರಿಯನ್ನೂ ಮುಚ್ಚದ ಗಡ್ಡೆ ಒಡೆದು, ಮೇಲೆ ರಕ್ತ ಹೆಪ್ಪುಗಟ್ಟಿ ಹೃದಯಾಘಾತವಾಗಬಹುದು. ಇದು ಅರವತ್ತಕ್ಕೆ ಶುರುವಾಗುವುದೂ ಅಲ್ಲ. ಕೊರಿಯಾ ಯುದ್ಧದಲ್ಲಿ ಮಡಿದ 300 ಅಮೆರಿಕನ್ ಸೈನಿಕರ ಹೃದಯಗಳನ್ನು ಪರೀಕ್ಷಿಸಿದ ವೈದ್ಯರ ವರದಿ 1953ರಲ್ಲಿ ಬಂತು. ಆ ಸೈನಿಕರ ಸರಾಸರಿ ವಯಸ್ಸು 22. ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿಯಲ್ಲಿ ಕಾಯಿಲೆಯ ಕುರುಹು ಇತ್ತು. ಬೀಡಿ, ಸಕ್ಕರೆ ಕಾಯಿಲೆ, ಬಿಪಿ, ಕೊಲೆಸ್ಟ್ರಾಲ್ ಇವು ಎಷ್ಟು ವರ್ಷ ಜೊತೆಗಿದ್ದವು ಎಂಬ ಲೆಕ್ಕವನ್ನು ನಾವು ‘ವಯಸ್ಸು’ ಎಂಬ ಒಂದೇ ಪದದಲ್ಲಿ ಮುಚ್ಚಿಬಿಡುತ್ತೇವೆ.

2025ರ ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯವಿಡೀ ಸುದ್ದಿಯಾಗಿ, ಸರ್ಕಾರ ತಜ್ಞರ ಸಮಿತಿ ನೇಮಿಸಿತು. ಆಗ ಬಸ್ ನಿಲ್ದಾಣದಲ್ಲೂ ಮದುವೆ ಮನೆಯಲ್ಲೂ ಕಿವಿಗೆ ಬಿದ್ದದ್ದು ‘ಇಷ್ಟು ಚಿಕ್ಕ ವಯಸ್ಸಿಗೆ ಹೇಗೆ?’ ಎಂಬ ಪ್ರಶ್ನೆ. ಇದು ಮುದುಕರ ಕಾಯಿಲೆ ಎಂದು ನಂಬಿಕೊಂಡವರ ಪ್ರಶ್ನೆ ಅದು. ನಿಮ್ಮ ಲೇಖನ ಅದಕ್ಕೆ ಉತ್ತರಿಸಬೇಕಿತ್ತು, ನಂಬಿಕೆಯನ್ನೇ ಗಟ್ಟಿ ಮಾಡಿದೆ. ಹೆಂಗಸರ ಪ್ರಸ್ತಾಪವಂತೂ ಇಲ್ಲವೇ ಇಲ್ಲ. ಮುಟ್ಟು ನಿಂತ ಮೇಲೆ ಅವರಿಗೂ ಅಪಾಯ ಏರುತ್ತದೆ. ಒಂದು ಪ್ಯಾರಾ ಬರೆಯಿರಿ.

ಪೀಠಿಕೆಯ ಎರಡು ಪುಟ ಕೈಬಿಟ್ಟು ಸಿಲ್ವರ್ ಮರದಿಂದಲೇ ಆರಂಭಿಸಿ. ಏರು ಹತ್ತುವಾಗ ಬಂದು, ನಿಂತರೆ ಹೋಗುವ ಎದೆಬಿಗಿತ ಹೃದಯದ ನಾಳ ಕಿರಿದಾಗಿರುವುದರ ಲಕ್ಷಣವಿರಬಹುದು ಎಂದು ನೇರವಾಗಿ ಹೇಳಿ.

ಕೊನೆಗೆ, ಸಂಪಾದಕನಾಗಿ ಅಲ್ಲದೆ ಕೇಳುತ್ತೇನೆ. ನಿಮ್ಮ ತಂದೆ ಈಗಲೂ ಆ ಮರದ ಬಳಿ ನಿಲ್ಲುತ್ತಿದ್ದಾರೆಯೇ? ಹಾಗಿದ್ದರೆ ಈ ವಾರವೇ ಹೃದಯ ವೈದ್ಯರಿಗೆ ತೋರಿಸಿ. ಮಲಗಿಸಿ ತೆಗೆದ ಇಸಿಜಿ ಸರಿಯಾಗಿ ಬಂದರೂ ಅಲ್ಲಿಗೇ ಬಿಡಬೇಡಿ, ಏರು ಹತ್ತುವಾಗ ಆಗುವುದನ್ನು ನೀವೇ ವೈದ್ಯರಿಗೆ ವಿವರಿಸಿ. ನಿಮ್ಮ ತಂದೆಯಂತೂ ಖಂಡಿತ ‘ಗ್ಯಾಸ್ಟ್ರಿಕ್’ ಅನ್ನುತ್ತಾರೆ. ಲೇಖನ ಮುಂದಿನ ತಿಂಗಳು ಬಂದರೂ ಸರಿ.

ವಿಶ್ವಾಸದಿಂದ,
ಸಂಪಾದಕ