ಮತ್ತೆ ಬಾಣಂತನಕ್ಕೆ ಲಂಡನ್ನಿಗೆ ಹೋಗಲೋ ಬೇಡವೋ?

ಪ್ರಶ್ನೆ: ನಾನು ಧಾರವಾಡದವಳು. ವಯಸ್ಸು 63. 2020ರ ಜನವರಿ ಕೊನೆಗೆ ಕಿರಿಯ ಮಗಳ ಬಾಣಂತನಕ್ಕೆಂದು ನಾನು, ನಮ್ಮ ಮನೆಯವರು ಲಂಡನ್ನಿಗೆ ಹೋಗಿದ್ದೆವು. ಏಪ್ರಿಲ್ 20ಕ್ಕೆ ವಾಪಸ್ ಟಿಕೆಟ್ ಇತ್ತು. ಅಷ್ಟರಲ್ಲಿ ಲಾಕ್‌ಡೌನ್ ಆಗಿ ಎರಡು ಕೋಣೆಯ ಫ್ಲಾಟಿನಲ್ಲಿ ಜೂನ್ ಕೊನೆಯವರೆಗೂ ಸಿಕ್ಕಿಬಿದ್ದೆವು. ಮೇ ತಿಂಗಳಲ್ಲಿ ಒಂದು ದಿನ ಬೆಳಗಿನ ಜಾವ ನೀರು ಕಾಯಿಸಲು ಎದ್ದಾಗ, ಅಳಿಯ ಹಾವೇರಿಯಲ್ಲಿರುವ ತಮ್ಮ ತಾಯಿಯ ಜೊತೆ ಫೋನಿನಲ್ಲಿ ಮಾತಾಡುವುದು ಕೇಳಿಸಿತು. ‘ಇನ್ನ ಎಷ್ಟ ದಿನಾನೋ ಏನೋ ಯವ್ವಾ, ಮನಿ ಧರ್ಮಶಾಲಿ ಆಗೇತಿ’ ಅಂದರು. ರೊಟ್ಟಿ ಬಡಿಯುವ ಸದ್ದು ಮೀಟಿಂಗಿನಲ್ಲಿ ಕೇಳುತ್ತದೆ ಅಂತಲೂ ಹಿಂದೊಮ್ಮೆ ಅಂದಿದ್ದರು. ಮರುದಿನದಿಂದ ರೊಟ್ಟಿ ಮಾಡುವುದನ್ನೇ ಬಿಟ್ಟೆ. ಈ ವಿಷಯ ಇವತ್ತಿನವರೆಗೂ ಯಾರ ಮುಂದೆಯೂ ಬಾಯಿ ಬಿಟ್ಟಿಲ್ಲ. ಈಗ ಮಗಳಿಗೆ ಏಪ್ರಿಲ್‌ನಲ್ಲಿ ಎರಡನೇ ಹೆರಿಗೆ. ಮೊಣಕಾಲು ನೋವು ಅಂತ ನೆಪ ಹೇಳುತ್ತಿದ್ದೇನೆ. ‘ಅಕ್ಕನ ಎರಡೂ ಬಾಣಂತನ ಮಾಡಿದಿ, ನನಗ ಒಂದ ಸಾಕಾತೇನು?’ ಅಂತ ಅತ್ತಳು. ಮನೆಯವರು ಆಗಲೇ ಹೊರಟು ನಿಂತಿದ್ದಾರೆ. ಏನು ಮಾಡಲಿ?

– ಹೆಸರು ಬೇಡ, ಧಾರವಾಡ

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿ ನನಗೆ ಜಾಸ್ತಿ ನೋವಾದದ್ದು ಧರ್ಮಶಾಲಿ ಮಾತಿಗಲ್ಲ. ‘ಮರುದಿನದಿಂದ ರೊಟ್ಟಿ ಮಾಡುವುದನ್ನೇ ಬಿಟ್ಟೆ’ ಅಂತ ಬರೆದಿದ್ದೀರಲ್ಲ, ಅದಕ್ಕೆ. ಧಾರವಾಡದ ಹೆಣ್ಣುಮಗಳು ಒಂದೂವರೆ ತಿಂಗಳು ಬ್ರೆಡ್ಡು, ಅನ್ನದಲ್ಲಿ ದಿನ ದೂಡಿದ್ದಾಳೆ. ಕಾಲು ಎತ್ತಿ ಇಟ್ಟರೆ ಸದ್ದಾದೀತು ಅಂತ ಮಗಳ ಮನೆಯಲ್ಲೇ ಬೆಕ್ಕಿನ ಹಾಗೆ ಓಡಾಡಿದ್ದಾಳೆ. ಅದೂ ಬಾಣಂತಿಗೆ ಅಂಟಿನುಂಡಿ ಕಟ್ಟುತ್ತಾ, ಕೂಸಿಗೆ ಎಣ್ಣೆ ನೀರು ಹಾಕುತ್ತಾ.

ನಿಮಗೆ ಆದ ನೋವು ಸಣ್ಣದು ಅಂತ ನಾನು ಹೇಳುವುದಿಲ್ಲ. ಮಗಳ ಮನೆಯಲ್ಲಿ ಬಹಳ ದಿನ ಕೂರಬಾರದು ಅಂತ ಕೇಳಿಯೇ ಬೆಳೆದವರು ನಾವು. ನಿಮಗೆ ಆ ಸಂಕೋಚ ಮೊದಲಿಂದಲೇ ಇತ್ತು. ಅದನ್ನೇ ಅಳಿಯಂದಿರ ಬಾಯಿಂದ ಕೇಳಬೇಕಾಯಿತು. ಇನ್ನೊಂದು ಮುಳ್ಳಿದೆ, ಅದನ್ನು ನೀವು ಬರೆದಿಲ್ಲ. ಅವರು ಹೇಳಿದ್ದು ಗೆಳೆಯನಿಗಲ್ಲ, ಬೀಗಿತ್ತಿಗೆ. ಅಲ್ಲಿಂದ ಈಚೆಗೆ ಯಾವ ಮದುವೆ, ಯಾವ ಮನೆ ಒಕ್ಕಲಿಗೆ ಹೋದರೂ ನೀವು ಬೀಗಿತ್ತಿಯ ಮುಖ ನೋಡುತ್ತಿರಬೇಕು, ‘ಇವರಿಗೆ ಇನ್ನೂ ನೆನಪಿದೆಯಾ’ ಅಂತ. ಅಲ್ವಾ? ಅವರು ಎಂದೋ ಮರೆತಿರುತ್ತಾರೆ.

ಈಗ ನನ್ನದೊಂದು ಕಥೆ ಹೇಳುತ್ತೇನೆ. ನಗಬೇಡಿ. ಅದೇ ಮಾರ್ಚ್‌ನಲ್ಲಿ ನಮ್ಮ ಮಾವಶಿ, ಕಾಕಾ, ಅವರ ಇಬ್ಬರು ಮಕ್ಕಳು ಗದಗದಿಂದ ಹುಬ್ಬಳ್ಳಿಯ ನಮ್ಮ ಮನೆಗೆ ಬಂದಿದ್ದರು. ಎರಡು ದಿನ ಇದ್ದು ಹೋಗುವವರು. 24ರ ರಾತ್ರಿ ಟಿವಿಯಲ್ಲಿ ಘೋಷಣೆ ಆಯಿತು, ದೇಶವೇ ಬಂದ್. ಹುಬ್ಬಳ್ಳಿಯಿಂದ ಗದಗಕ್ಕೆ ಎಷ್ಟು ದೂರ? ಅರವತ್ತು ಕಿಲೋಮೀಟರ್ ಇರಬಹುದು. ಅದನ್ನು ದಾಟಲಾಗದೆ ನಲವತ್ತು ದಿನ ಇದ್ದರು. ಮಾವಶಿ ಅಂದರೆ ನನಗೆ ಜೀವ. ಚಿಕ್ಕವಳಿದ್ದಾಗ ಅವಳ ಕೈತುತ್ತು ತಿಂದು ಬೆಳೆದವಳು ನಾನು. ಆದರೂ ಇಪ್ಪತ್ತನೇ ದಿನವೋ ಏನೋ, ಬಚ್ಚಲಮನೆಗೆ ಹೋಗಿ ನಲ್ಲಿ ಬಿಟ್ಟು, ತಂಗಿಗೆ ಫೋನ್ ಮಾಡಿ, ‘ಇವರು ಯಾವಾಗ ಹೋಗ್ತಾರೋ ದೇವರಿಗೇ ಗೊತ್ತು’ ಅಂದುಬಿಟ್ಟೆ. ನಲ್ಲಿ ಬಿಡಬೇಕು ಅನ್ನುವ ಬುದ್ಧಿ ನನಗಿತ್ತು, ನಿಮ್ಮ ಅಳಿಯಂದಿರಿಗೆ ಇರಲಿಲ್ಲ. ವ್ಯತ್ಯಾಸ ಅಷ್ಟೇ.

ಆ ದಿನಗಳನ್ನು ಸ್ವಲ್ಪ ನೆನಪು ಮಾಡಿಕೊಳ್ಳಿ. ಮಾರ್ಚ್ 22ಕ್ಕೆ ಭಾರತ ಹೊರದೇಶದ ವಿಮಾನ ನಿಲ್ಲಿಸಿತು. ಮೊದಲು ಒಂದು ವಾರ ಅಂದರು, ಆಮೇಲೆ ಏಪ್ರಿಲ್ 14 ಅಂದರು, ಮೇ 3 ಅಂದರು. 23ರ ರಾತ್ರಿ ಬ್ರಿಟನ್ನೂ ಬಾಗಿಲು ಹಾಕಿತು. ಮೇ 7ರಿಂದ, ಹೊರದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರಲು ಸರ್ಕಾರದ ವಂದೇ ಭಾರತ್ ವಿಮಾನ ಶುರುವಾಯಿತು. (ಈಗ ಧಾರವಾಡದವರಿಗೆ ವಂದೇ ಭಾರತ್ ಅಂದರೆ ಬೆಂಗಳೂರಿಗೆ ಹೋಗುವ ರೈಲು. ಆಗ ಆ ಹೆಸರು ಕೇಳಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.) ಲಂಡನ್ನಿನಿಂದ ಬೆಂಗಳೂರಿಗೆ ಮೊದಲ ವಿಮಾನ ಬಂದದ್ದು ಮೇ 11ಕ್ಕೆ. ಅದರಲ್ಲಿ ಸೀಟು ಸಿಗಬೇಕಾದರೆ ಅಲ್ಲಿನ ಭಾರತದ ಹೈಕಮಿಷನ್ ಕಚೇರಿಯಲ್ಲಿ ಹೆಸರು ಬರೆಸಬೇಕು, ಅವರ ಪಟ್ಟಿಯಲ್ಲಿ ಬರಬೇಕು, ಟಿಕೆಟ್ ದುಡ್ಡು ನಾವೇ ಕೊಡಬೇಕು. ನಿಮ್ಮ ಪಾಳಿ ಬರಲು ಜೂನ್ ಕೊನೆ ಆಯಿತು. ಅಲ್ಲಿಯವರೆಗೆ ಆ ಮನೆಯಲ್ಲಿ ಯಾರ ಹತ್ತಿರವೂ ಒಂದು ತಾರೀಖು ಇರಲಿಲ್ಲ. ಅಳಿಯಂದಿರ ಮಾತನ್ನು ಇನ್ನೊಮ್ಮೆ ಓದಿ. ‘ಎಷ್ಟ ದಿನಾನೋ ಏನೋ’ ಅಂದಿದ್ದಾರೆ. ಅವರಿಗೂ ಅದೇ ಸಂಕಟ. ಮಲಗುವ ಕೋಣೆಯೇ ಆಫೀಸು, ಪಕ್ಕದಲ್ಲಿ ಅಳುವ ಮೂರು ತಿಂಗಳ ಕೂಸು, ಹೊರಗೆ ಬಂದರೆ ಅತ್ತೆ, ಮಾವ. ನೀವು ಊರಿಗೆ ಬರಲಾಗದೆ ಸಿಕ್ಕಿಬಿದ್ದಿರಿ, ಅವರು ತಮ್ಮ ಮನೆಯಲ್ಲೇ ಸಿಕ್ಕಿಬಿದ್ದಿದ್ದರು.

ಧರ್ಮಶಾಲಿ ಅನ್ನಬಾರದಿತ್ತು, ಒಪ್ಪುತ್ತೇನೆ. ಆದರೆ ಅದು ತಾಯಿಯ ಮುಂದೆ ಒಬ್ಬ ಮಗ ಗೊಣಗಿದ್ದು. ನಿಮ್ಮ ಎದುರಿಗೆ ಐದು ತಿಂಗಳಲ್ಲಿ ಒಂದು ಒರಟು ಮಾತು ಆಡಿದ್ದರಾ? ಪತ್ರದಲ್ಲಂತೂ ಇಲ್ಲ.

ಮೊಣಕಾಲಿನ ನೆಪ ಇವತ್ತೇ ಬಿಡಿ. ದಿನಾ ಸಾಧನಕೇರಿಗೆ ವಾಕಿಂಗ್ ಹೋಗುವವರ ಕಾಲು ಹೇಗಿದೆ ಅಂತ ವಿಡಿಯೋ ಕಾಲ್‌ನಲ್ಲಿ ನೋಡುವ ಮಗಳಿಗೆ ಗೊತ್ತಾಗಲ್ವಾ? ಅವಳು ತಿಳಿದುಕೊಂಡದ್ದು ಬೇರೆ: ಅವ್ವನಿಗೆ ಅಕ್ಕನ ಮೇಲೆ ಜಾಸ್ತಿ ಪ್ರೀತಿ. ಅಳಿಯ ಆಡಿದ ಮಾತಿಗೆ ಮಗಳು ದಂಡ ಕಟ್ಟುತ್ತಿದ್ದಾಳೆ.

ಹಾಗಂತ ಆ ಮಾತನ್ನು ಅವಳಿಗೆ ಹೇಳಬೇಡಿ. ದಿನ ತುಂಬುತ್ತಿರುವ ಹುಡುಗಿ ಗಂಡನ ಪರ ನಿಲ್ಲಬೇಕೋ ತಾಯಿಯ ಪರ ನಿಲ್ಲಬೇಕೋ ಅಂತ ಒದ್ದಾಡುವುದು ಬೇಡ. ನಿಮ್ಮವರಿಗೆ ಮಾತ್ರ ಹೇಳಿ, ಇವತ್ತು ರಾತ್ರಿ ಊಟ ಆದ ಮೇಲೆ. ಇಷ್ಟು ವರ್ಷ ಒಬ್ಬರೇ ಹೊತ್ತದ್ದು ಸಾಕು. ಅವರಿಗೂ ಆ ದಿನಗಳಲ್ಲಿ ಏನೇನು ಕಿವಿಗೆ ಬಿದ್ದಿತ್ತೋ, ಯಾರಿಗೆ ಗೊತ್ತು.

ಆಮೇಲೆ ಮಗಳನ್ನು ನಡುವೆ ತರದೆ ನೇರವಾಗಿ ಅಳಿಯಂದಿರಿಗೆ ಫೋನ್ ಮಾಡಿ. ಹಳೇ ಮಾತು ಎತ್ತಬೇಡಿ. ನಿಮ್ಮ ಭಾಷೆಯಲ್ಲೇ ಹೀಗೆ ಕೇಳಿ: ‘ಹ್ವಾದ ಸಲ ನಿಮಗ ಭಾಳ ತ್ರಾಸ ಆತು. ಈ ಸಲ ಎಷ್ಟ ದಿನಾ ಬಂದ್ರ ನಿಮಗ ಅನುಕೂಲ ಆಗ್ತೈತಿ, ನೀವ ಹೇಳ್ರಿ.’ ಹೇಳಿ ಸುಮ್ನಾಗಿ. ಅವರು ಏನು ಹೇಳುತ್ತಾರೆ ಅನ್ನುವುದಕ್ಕಿಂತ ಹೇಗೆ ಹೇಳುತ್ತಾರೆ ಕೇಳಿಸಿಕೊಳ್ಳಿ. ‘ಅಯ್ಯ, ತ್ರಾಸ ಎಲ್ಲೀದು, ಬರ್ರಿ’ ಅಂತ ಬಾಯ್ತುಂಬ ಕರೆದರೆ ಟಿಕೆಟ್ ಮಾಡಿಸಿ. ನನಗನ್ನಿಸುವುದು ಹಾಗೇ ಆಗುತ್ತದೆ ಅಂತ. ‘ನೋಡೋಣ್ರಿ, ಅಕೀನ್ನ ಕೇಳ್ರಿ’ ಅಂತ ಜಾರಿಕೊಂಡರೆ ಹೋಗಬೇಡಿ. ಕೂಸಿಗೆ ನಾಲ್ಕೈದು ತಿಂಗಳಾದ ಮೇಲೆ ಮಗಳನ್ನೇ ಧಾರವಾಡಕ್ಕೆ ಕರೆಸಿಕೊಳ್ಳಿ. ತೊಟ್ಟಿಲು ಇಲ್ಲೇ ಹಾಕಿದರಾಯಿತು.

ಹೋಗುವುದಾದರೆ ಎಂಟು ವಾರ, ಹೆಚ್ಚೆಂದರೆ ಹತ್ತು. ವೀಸಾ ಆರು ತಿಂಗಳು ಇರಲು ಬಿಡುತ್ತದೆ ಅಂತ ಆರು ತಿಂಗಳು ಇರಬೇಕಿಲ್ಲ. ವಾಪಸ್ ತಾರೀಖನ್ನು ಮೊದಲ ದಿನವೇ ಎಲ್ಲರ ಮುಂದೆ ಹೇಳಿ. ನಿಮ್ಮ ಮನೆಯವರು ಬೇಜಾರು ಮಾಡಿಕೊಳ್ಳದಿದ್ದರೆ ಒಂದು ಮಾತು. ಅವರು ಕೊನೆಯ ಮೂರು ವಾರಕ್ಕೆ ಬಂದರೆ ಸಾಕು. ಬಾಣಂತಿಯ ಮನೆಯಲ್ಲಿ ಟಿವಿ ಮುಂದೆ ಕೂತ ಮಾವನವರಿಗೆ ಗಂಟೆಗೊಮ್ಮೆ ಚಹಾ ಮಾಡಿಕೊಡುವುದು ಯಾರ ಕೆಲಸ ಹೇಳಿ? ಬಿಪಿ, ಶುಗರ್ ಇದ್ದರೆ ಅದನ್ನು ತಿಳಿಸಿಯೇ ವಿಮೆ ಮಾಡಿಸಿ. ಪ್ರವಾಸಿ ವೀಸಾದಲ್ಲಿ ಹೋದವರು ಅಲ್ಲಿ ಆಸ್ಪತ್ರೆಗೆ ದಾಖಲಾದರೆ ಬಿಲ್ ಬರುತ್ತದೆ, ಅದೂ ದೊಡ್ಡದೇ. ಗುಳಿಗೆ ಒಂದು ತಿಂಗಳಿಗಾಗುವಷ್ಟು ಹೆಚ್ಚಿಗೆ ಇರಲಿ, ಜೊತೆಗೆ ಡಾಕ್ಟರ ಚೀಟಿ. ಪೇಢೆ, ತುಪ್ಪ ಒಯ್ಯಬೇಡಿ, ಭಾರತದಿಂದ ಹಾಲಿನ ಪದಾರ್ಥ ತರಲು ಅಲ್ಲಿ ಬಿಡುವುದಿಲ್ಲ. ಅಂಟು, ಒಣಕೊಬ್ಬರಿ ಇಲ್ಲಿಂದ ಒಯ್ದು ತುಪ್ಪ ಅಲ್ಲೇ ಕೊಂಡು ಉಂಡಿ ಕಟ್ಟಿ.

ಮತ್ತೆ ಖಡಕ್ ರೊಟ್ಟಿ, ನೂರಾದರೂ ಕಟ್ಟಿಕೊಳ್ಳಿ. ಮುರಿಯುವಾಗ ಸ್ವಲ್ಪ ಸದ್ದಾಗುತ್ತದೆ, ಆಗಲಿ ಬಿಡಿ. ಅಳಿಯಂದಿರ ತಾಟಿಗೂ ಎರಡು ಹಾಕಿ. ಹಾವೇರಿಯವರು, ಬೇಡ ಅನ್ನಲಿಕ್ಕಿಲ್ಲ.