ಟಕಯಾಸು ಆರ್ಟರೈಟಿಸ್ ರಕ್ತನಾಳದ ಕಾಯಿಲೆ ಅಲ್ಲವೇ, ಮೆದುಳಿಗೆ ಏಕೆ ತೊಂದರೆ ಆಗುತ್ತದೆ?
ಈ ಕಾಯಿಲೆಯಲ್ಲಿ ಮಹಾಪಧಮನಿ (ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ) ಮತ್ತು ಅದರ ಕವಲುಗಳ ಗೋಡೆ ಉರಿಯೂತದಿಂದ ದಪ್ಪಗಾಗಿ ಒಳದಾರಿ ಕಿರಿದಾಗುತ್ತದೆ. ಮೆದುಳಿಗೆ ರಕ್ತ ಒಯ್ಯುವ ಕತ್ತಿನ ಕೆರೋಟಿಡ್ ನಾಳ ಹೀಗೆ ಕಟ್ಟಿಕೊಂಡರೆ ತಲೆಸುತ್ತು, ಕ್ಷಣಕಾಲ ಕಣ್ಣು ಮಂಜಾಗುವುದು, ಕೆಲವೊಮ್ಮೆ ಪಾರ್ಶ್ವವಾಯು. 1908ರಲ್ಲಿ ಜಪಾನಿನ ಕಣ್ಣಿನ ವೈದ್ಯ ಟಕಯಾಸು ವರದಿ ಮಾಡಿದ್ದೂ ಕಣ್ಣಿನ ಒಳಗಿನ ರಕ್ತನಾಳಗಳ ಬದಲಾವಣೆಯನ್ನೇ. ರೋಗಿಗಳಲ್ಲಿ ಹೆಚ್ಚಿನವರು 40ರೊಳಗಿನ ಹೆಣ್ಣುಮಕ್ಕಳು. ‘ಈ ವಯಸ್ಸಿಗೆ ಸ್ಟ್ರೋಕ್ ಎಲ್ಲಿಂದ’ ಎಂದು ದಯವಿಟ್ಟು ತಳ್ಳಿಹಾಕಬೇಡಿ.

ನನಗೆ ಹೆಚ್ಚು ಭಯ ಬಿಪಿಯದ್ದು. ಮೂತ್ರಪಿಂಡದ ನಾಳ ಕಿರಿದಾದರೆ ಬಿಪಿ ವಿಪರೀತ ಏರಿ ಫಿಟ್ಸ್, ಮೆದುಳಿನ ರಕ್ತಸ್ರಾವ ಆಗಬಹುದು. ಆದರೆ ತೋಳಿನ ನಾಳವೂ ಕಟ್ಟಿದ್ದರೆ ಮಣಿಕಟ್ಟಿನಲ್ಲಿ ನಾಡಿಯೇ ಸಿಗದು, ಬಿಪಿ ಯಂತ್ರ ಕಡಿಮೆ ಅಂಕಿ ತೋರಿಸುತ್ತದೆ. ಎರಡೂ ತೋಳು, ಕಾಲುಗಳಲ್ಲಿ ನೋಡಲು ಹೇಳಿ. ಉರಿಯೂತ ತಗ್ಗಿಸಲು ಕೊಡುವ ಸ್ಟೀರಾಯ್ಡ್ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ. ಮುಖ ಸೊಟ್ಟಗಾದರೆ, ಮಾತು ತೊದಲಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.